ಜಿಮ್, ಯೋಗ, ಗರಡಿ, ಫಿಸಿಯೊ: ದಾವಣಗೆರೆಯ ಗಾಲ್ಫ್ ಆಟಗಾರರಿಗೆ ಯಾವುದು ಸರಿ?

ದಾವಣಗೆರೆಯಲ್ಲಿ 18 ಹೋಲಿನ ಗಾಲ್ಫ್ ಕೋರ್ಸ್ (ಆಡುವ ಮೈದಾನ) ಇಲ್ಲ, ಚಿತ್ರದುರ್ಗದಲ್ಲೂ ಇಲ್ಲ. ಆದರೆ ಗಾಲ್ಫ್ ಆಡುವವರು ಎರಡೂ ಊರಲ್ಲಿ ಇದ್ದಾರೆ. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಕಲಿತು ಊರಿಗೆ ವಾಪಸ್ ಬಂದವರು, ಡಾಕ್ಟರುಗಳು, ವ್ಯಾಪಾರಸ್ಥರು, ಜೊತೆಗೆ ಮಕ್ಕಳಿಗೆ ಕಲಿಸಬೇಕೆಂದಿರುವ ಅಪ್ಪ-ಅಮ್ಮಂದಿರು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಚಿಕ್ಕಮಗಳೂರಿಗೆ, ಬೆಂಗಳೂರಿಗೆ ಹೋಗಿ ಆಡಿ ಬರುತ್ತಾರೆ. ಇವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಸ್ವಿಂಗ್ (ಗಾಲ್ಫ್ ಕೋಲು ಬೀಸುವ ಚಲನೆ) ಬಿಗಿಯಾಗಿದೆ, ಆಡಿದ ಮರುದಿನ ನಡು ಹಿಡಿದುಕೊಳ್ಳುತ್ತೆ. ಜಿಮ್ಮಿಗೆ ಹೋಗಲಾ, ಯೋಗ ಮಾಡಲಾ, ಫಿಸಿಯೊ ಹತ್ರ ತೋರಿಸಲಾ, ಇಲ್ಲಾ ಆನ್‌ಲೈನ್ ಪ್ರೋಗ್ರಾಂ ತಗೊಳ್ಳಲಾ?"

ಕೋರ್ಸ್ ಇಲ್ಲದ ಊರಲ್ಲಿ ಈ ಪ್ರಶ್ನೆಗೆ ಬೆಲೆ ಜಾಸ್ತಿ. ದಿನಾ ಚೆಂಡು ಹೊಡೆಯಲು ಆಗದವನು ಮನೆಯಲ್ಲಿದ್ದೇ ತಿದ್ದಿಕೊಳ್ಳಬಹುದಾದದ್ದು ತನ್ನ ಮೈಯನ್ನು ಮಾತ್ರ. ಆದರೆ ಪಕ್ಕದವರಿಗೆ ಯಾವುದು ಒಗ್ಗಿತೋ ಅದು ನಿಮಗೂ ಒಗ್ಗಬೇಕು ಅಂತೇನಿಲ್ಲ. ನಿಮ್ಮ ಮೈ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದು ಗೊತ್ತಾದರೆ ಅರ್ಧ ತೀರ್ಮಾನ ಆದಂತೆ.

ಯಾವುದರಿಂದ ಅಳೆಯಬೇಕು

ಗಾಲ್ಫ್ ಹೊಡೆತ ತೋಳಿನ ಹೊಡೆತ ಅಲ್ಲ. ಮೇಲಿಂದ ಚೆಂಡಿನವರೆಗೆ ಕ್ಲಬ್ (ಗಾಲ್ಫ್ ಕೋಲು) ಇಳಿಯಲು ಹಿಡಿಯುವುದು ಸುಮಾರು ಕಾಲು ಸೆಕೆಂಡ್. ಅಷ್ಟರೊಳಗೆ ಕಾಲು ನೆಲವನ್ನು ಒತ್ತಬೇಕು, ಮೊದಲು ಹಿಪ್ (ಸೊಂಟದ ಕೀಲು) ತಿರುಗಬೇಕು, ಅದರ ಹಿಂದೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್. ಈ ಸರದಿ ಕೆಟ್ಟರೆ ತೋಳಲ್ಲಿ ಎಷ್ಟು ಕಸುವಿದ್ದರೂ ಚೆಂಡು ದೂರ ಹೋಗುವುದಿಲ್ಲ.

ಪೂರ್ತಿ ಬ್ಯಾಕ್‌ಸ್ವಿಂಗ್‌ನಲ್ಲಿ (ಹೊಡೆಯುವ ಮುಂಚೆ ಕ್ಲಬ್ ಹಿಂದಕ್ಕೆ ಎತ್ತುವಾಗ) ಭುಜ ಸುಮಾರು 90 ಡಿಗ್ರಿ ತಿರುಗುತ್ತದೆ, ಹಿಪ್ ಅದರ ಅರ್ಧದಷ್ಟು. ಈ ತಿರುಗು ಎಲ್ಲಿಂದ ಬರಬೇಕು ಅನ್ನುವುದೇ ಮುಖ್ಯ. ನಡುವಿನ (ಕೆಳಬೆನ್ನಿನ) 5 ಮೂಳೆಗಳು ಒಟ್ಟು ಸೇರಿ ಒಂದು ಬದಿಗೆ ತಿರುಗುವುದು ಸುಮಾರು 10 ಡಿಗ್ರಿ ಅಷ್ಟೇ. ಅವು ಇರುವುದು ಬಾಗಲು, ಭಾರ ಹೊರಲು. ಮೇಲ್ಬೆನ್ನಿನ 12 ಮೂಳೆಗಳು ಅದರ ಮೂರು ಪಟ್ಟು ತಿರುಗುತ್ತವೆ. ಹಿಪ್ ಕೀಲಂತೂ ತಿರುಗಲೆಂದೇ ಇರುವ ಕೀಲು. ಇವೆರಡೂ ಬಿಗಿಯಾದರೆ ಮೈ ಸುಮ್ಮನೆ ನಿಲ್ಲುವುದಿಲ್ಲ, ಉಳಿದ ತಿರುಗನ್ನು ನಡುವಿನಿಂದ ಕಿತ್ತುಕೊಳ್ಳುತ್ತದೆ. ಬಾಗಿಲ ತಿರುಗಣೆಗೆ ತುಕ್ಕು ಹಿಡಿದರೆ ಚೌಕಟ್ಟು ಅಲುಗಾಡುತ್ತದಲ್ವಾ, ಹಾಗೆ. ಹವ್ಯಾಸಿ ಆಟಗಾರರಲ್ಲಿ ನಡುನೋವು ಇಷ್ಟೊಂದು ಸಾಮಾನ್ಯ ಆಗಿರಲು ಇದೂ ಒಂದು ಕಾರಣ.

ಹಾಗಾಗಿ ಯಾವ ವ್ಯಾಯಾಮ ಆರಿಸಿದರೂ ಇಷ್ಟು ಕೇಳಿಕೊಳ್ಳಿ. ಅದು ಹಿಪ್ ಮತ್ತು ಮೇಲ್ಬೆನ್ನನ್ನು ಬಿಡಿಸುತ್ತದೆಯೇ? ಕಾಲು, ಪೃಷ್ಠಕ್ಕೆ ಬಲ ಕೊಡುತ್ತದೆಯೇ? ಆ ಬಲ ವೇಗವಾಗಿ ಹೊರಬರುವಂತೆ ಮಾಡುತ್ತದೆಯೇ? ನಡುವಿಗೆ ಅಪಾಯ ಎಷ್ಟು? ಇವೆಲ್ಲಕ್ಕಿಂತ ಮುಂಚೆ ಇನ್ನೊಂದು ಇದೆ: ತಪ್ಪು ಮಾಡಿದರೆ ತಿದ್ದುವವರು ನಿಮ್ಮೂರಲ್ಲಿ ಸಿಗುತ್ತಾರೆಯೇ? ದುಡ್ಡಿನ ಪ್ರಶ್ನೆ ಕೊನೆಗಿರಲಿ, ಏಕೆಂದರೆ ಇಲ್ಲಿ ದುಬಾರಿಯಾದದ್ದೇ ಒಳ್ಳೆಯದು ಅನ್ನುವ ಲೆಕ್ಕ ನಡೆಯುವುದಿಲ್ಲ.

ಹಜಾರದಲ್ಲೇ ಒಂದು ಪರೀಕ್ಷೆ

ಮನೆಯ ನೆಲಕ್ಕೆ ಚೌಕದ ಟೈಲ್ಸ್ ಇದ್ದರೆ ಕೆಲಸ ಸುಲಭ. ಟೈಲ್ಸ್ ಗೆರೆಗೆ ನೇರವಾಗಿ ಕುರ್ಚಿ ಹಾಕಿ ಕೂರಿ. ಮೊಣಕಾಲು, ಪಾದ ಎರಡೂ ಕೂಡಿಸಿ. ಪೊರಕೆಯ ಉದ್ದ ಕೋಲನ್ನು ಎದೆಗೆ ಅಡ್ಡ ಇಟ್ಟು ಎರಡೂ ಕೈಯಿಂದ ಅಪ್ಪಿಕೊಳ್ಳಿ. ಮೊಣಕಾಲು ಅಲುಗದಂತೆ ಎದೆಯನ್ನು ಬಲಕ್ಕೆ ತಿರುಗಿಸಿ. ಟೈಲ್ಸಿನ ಮೂಲೆಯಿಂದ ಮೂಲೆಗೆ ಎಳೆದ ಗೆರೆ 45 ಡಿಗ್ರಿ. ಕೋಲು ಆ ಗೆರೆಯ ಮಟ್ಟಕ್ಕೆ ಬಂದರೆ ಮೇಲ್ಬೆನ್ನು ಚೆನ್ನಾಗಿದೆ. ಎಡಕ್ಕೂ ಮಾಡಿ ನೋಡಿ. ಒಂದು ಬದಿ ಬಂದು ಇನ್ನೊಂದು ಬದಿ ಬಾರದಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ.

ಹಿಪ್ಪಿಗೆ, ಮೇಜಿನ ಅಂಚಲ್ಲಿ ಕಾಲು ಇಳಿಬಿಟ್ಟು ಕೂರಿ. ತೊಡೆ ಅಲುಗದಂತೆ ಎಡ ಪಾದವನ್ನು ಹೊರಗಡೆ, ಅಂದರೆ ಎಡಕ್ಕೆ ಎತ್ತಿ. ಹೊರಗೆ ಹೋಗುವುದು ಪಾದ, ಆದರೆ ಹಿಪ್ ಕೀಲು ಒಳಕ್ಕೆ ತಿರುಗುತ್ತಿರುತ್ತದೆ. ಬಲಗೈ ಆಟಗಾರನಿಗೆ ಚೆಂಡು ಹೊಡೆದ ಮೇಲೆ ಮೈಭಾರವೆಲ್ಲ ಬಂದು ತಿರುಗಬೇಕಾದದ್ದು ಈ ಎಡ ಹಿಪ್ ಮೇಲೆಯೇ. ಪಾದ ಕೊಂಚವೂ ಹೊರಗೆ ಹೋಗುತ್ತಿಲ್ಲ ಅಂದರೆ ನಿಮ್ಮ ನಡುನೋವಿನ ಮೂಲ ಅಲ್ಲಿರಬಹುದು. ಎಡಗೈ ಆಟಗಾರರು ಬಲಗಾಲು ನೋಡಿಕೊಳ್ಳಿ.

ಇನ್ನೆರಡು ಬೇಗ ಮುಗಿಯುತ್ತವೆ. ಹಿಮ್ಮಡಿ ಎತ್ತದೆ ಕುಕ್ಕರಗಾಲಲ್ಲಿ ಕೂರಲು ಆಗುತ್ತದೆಯೇ? ನಮ್ಮ ಅಜ್ಜಂದಿರಿಗೆ ಇದು ಪರೀಕ್ಷೆಯೇ ಆಗಿರಲಿಲ್ಲ. ಕಮೋಡ್ ಬಂದ ಮೇಲೆ ನಲವತ್ತು ದಾಟಿದವರು ಬಾಗಿಲು ಹಿಡಿದುಕೊಂಡು ಕೂರುತ್ತಾರೆ. ಇನ್ನೊಂದು, ಒಂಟಿಕಾಲಲ್ಲಿ ಕಣ್ಣು ಮುಚ್ಚಿ 10 ಸೆಕೆಂಡ್ ನಿಲ್ಲುವುದು. ವಯಸ್ಸಾದವರು ಗೋಡೆಯ ಪಕ್ಕ ನಿಂತೇ ಮಾಡಲಿ.

ಈ ಪರೀಕ್ಷೆಗಳ ಉದ್ದದ ಆವೃತ್ತಿ ಅಮೆರಿಕದ ಟೈಟ್ಲಿಸ್ಟ್ ಪರ್ಫಾರ್ಮೆನ್ಸ್ ಇನ್‌ಸ್ಟಿಟ್ಯೂಟ್‌ನದ್ದು. 2003ರಲ್ಲಿ ಶುರುವಾದ ಈ ಸಂಸ್ಥೆಯನ್ನು ಗಾಲ್ಫ್‌ನವರು ಟಿಪಿಐ ಅಂತಲೇ ಕರೆಯುತ್ತಾರೆ. ಎಲ್ಲರೂ ಒಂದೇ ತರಹ ಸ್ವಿಂಗ್ ಮಾಡಬೇಕಿಲ್ಲ, ಮೈ ಏನು ಮಾಡಬಲ್ಲದೋ ಅದಕ್ಕೆ ತಕ್ಕ ಸ್ವಿಂಗ್ ಇರಬೇಕು ಅನ್ನುವುದು ಅವರ ವಾದ. ನನಗೂ ಅದು ಸರಿ ಅನ್ನಿಸುತ್ತದೆ.

ಜಿಮ್

ದಾವಣಗೆರೆಯಲ್ಲಿ ಜಿಮ್ಮಿಗೇನೂ ಬರ ಇಲ್ಲ. ಬಲದ ಲೆಕ್ಕದಲ್ಲಿ ಇದನ್ನು ಮೀರಿಸುವ ಆಯ್ಕೆಯೂ ಇಲ್ಲ. ಕ್ಲಬ್ ವೇಗ ಗಂಟೆಗೆ 1 ಮೈಲಿ ಹೆಚ್ಚಿದರೆ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಹೊಡೆತ ಸುಮಾರು 2ರಿಂದ 3 ಗಜ ಮುಂದೆ ಹೋಗುತ್ತದೆ. ಆ ವೇಗಕ್ಕೆ ಬುನಾದಿ ಕಾಲು ಮತ್ತು ಪೃಷ್ಠದ ಬಲ.

ತೊಂದರೆ ಏನೆಂದರೆ, ನಮ್ಮ ಜಿಮ್ ಟ್ರೈನರ್‌ಗಳಲ್ಲಿ ಹೆಚ್ಚಿನವರು ಬಾಡಿಬಿಲ್ಡಿಂಗ್ ಹಾದಿಯಲ್ಲಿ ಬಂದವರು. ಸೋಮವಾರ ಎದೆ, ಮಂಗಳವಾರ ಬೈಸೆಪ್ಸ್ ಅಂತ ಶುರು ಮಾಡಿಸುತ್ತಾರೆ. ಅದರಿಂದ ಟೀಶರ್ಟ್ ಚೆನ್ನಾಗಿ ಕೂರುತ್ತದೆ, ಸ್ವಿಂಗ್ ಅಲ್ಲ. ಬರೀ ಬೆಂಚ್ ಪ್ರೆಸ್ ಮಾಡಿ ಮೇಲ್ಬೆನ್ನು ಬಿಡಿಸದೆ ಬಿಟ್ಟರೆ ಭುಜ ಮುಂದಕ್ಕೆ ಬಾಗಿ ತಿರುಗು ಇನ್ನೂ ಕಡಿಮೆ ಆಗಬಹುದು. ಮೊದಲ ದಿನವೇ ಸ್ಪಷ್ಟವಾಗಿ ಹೇಳಿ: ವಾರಕ್ಕೆ ಎರಡೇ ದಿನ ಬರ್ತೀನಿ, ನನಗೆ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಒಂದು ಕಾಲು ಮುಂದಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್, ಒಂಟಿಗೈ ರೋ (ಭಾರವನ್ನು ಮೈ ಕಡೆಗೆ ಎಳೆಯುವುದು), ಕೇಬಲ್ ಮೆಷಿನ್ನಿನಲ್ಲಿ ಪ್ಯಾಲೊಫ್ ಪ್ರೆಸ್ ಸಾಕು ಅಂತ. ಈ ಕೊನೆಯದರಲ್ಲಿ ಕೇಬಲ್ ನಿಮ್ಮನ್ನು ಪಕ್ಕಕ್ಕೆ ಎಳೆಯುತ್ತಿರುತ್ತದೆ, ನೀವು ತಿರುಗದೆ ಕೈ ಮುಂದೆ ಚಾಚುತ್ತೀರಿ. ನಡುವಿಗೆ ಕಲಿಸಬೇಕಾದ ಪಾಠ ಇದೇ. ಕುಳಿತು ಪ್ಲೇಟ್ ಹಿಡಿದು ಎಡಕ್ಕೆ ಬಲಕ್ಕೆ ತಿರುಚುವ ರಷ್ಯನ್ ಟ್ವಿಸ್ಟ್ ನೋಡಲು ಗಾಲ್ಫ್ ತರಹ ಕಾಣುತ್ತದೆ. ನಡುನೋವಿದ್ದವರು ಅದರ ಹತ್ತಿರ ಹೋಗಬೇಡಿ.

"ತೂಕ ಎತ್ತಿದರೆ ಮೈ ಗಟ್ಟಿಯಾಗಿ ಸ್ವಿಂಗ್ ಹಾಳಾಗುತ್ತೆ" ಅನ್ನುವ ಭಯ ಹಳೆಯದು. ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್ ತೂಕ ಎತ್ತಲು ಶುರು ಮಾಡಿದಾಗಲೂ ಜನ ಹೀಗೇ ಹೇಳಿದ್ದರು. ಪ್ಲೇಯರ್ 9 ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳು) ಗೆದ್ದರು. ಅಮೆರಿಕದ ಬ್ರೈಸನ್ ಡಿಶಾಂಬೊ ಮೈ ಬೆಳೆಸಿಕೊಂಡು ಬಂದು 2020ರ ಯುಎಸ್ ಓಪನ್ ಅನ್ನು 6 ಸ್ಟ್ರೋಕ್ (ಹೊಡೆತ) ಅಂತರದಿಂದ ಗೆದ್ದರು, ಆಮೇಲೆ ತಾವೇ ಆ ತೂಕ ಇಳಿಸಿಕೊಂಡರು. ವಾರಕ್ಕೆ ಎರಡು ದಿನ ಜಿಮ್ಮಿಗೆ ಹೋಗಿ ಬೆಣ್ಣೆದೋಸೆ ತಿಂದುಕೊಂಡಿರುವ ನಮಗೆ ಮಾಂಸಖಂಡ ಅತಿಯಾಗುವ ಚಿಂತೆ ಬೇಡ.

ಯೋಗ

ಬಿಗಿ ಮೈಯವರಿಗೆ ಇದರಷ್ಟು ಸುಲಭವಾಗಿ, ಇದರಷ್ಟು ಅಗ್ಗವಾಗಿ ಸಿಗುವುದು ಇನ್ನೊಂದಿಲ್ಲ. ಪಾರ್ಕಿನಲ್ಲಿ ಬೆಳಗ್ಗೆ ಉಚಿತವಾಗಿ ಹೇಳಿಕೊಡುವವರೂ ಇದ್ದಾರೆ. ಆಂಜನೇಯಾಸನ ದಿನವಿಡೀ ಅಂಗಡಿ ಗಲ್ಲಾಪೆಟ್ಟಿಗೆ ಮುಂದೆ ಕೂತವರ ತೊಡೆಯ ಮುಂಭಾಗ ಬಿಡಿಸುತ್ತದೆ. ವೀರಭದ್ರಾಸನ ಕಾಲಿಗೆ ಕೆಲಸ ಕೊಡುತ್ತದೆ. ಪರಿವೃತ್ತ ತ್ರಿಕೋನಾಸನದಲ್ಲಿ ಹಿಪ್, ಮೇಲ್ಬೆನ್ನು ಎರಡೂ ಸೇರುತ್ತವೆ.

ಆದರೆ ತಿರುಚುವ ಆಸನಗಳಲ್ಲಿ ಒಂದು ಎಡವಟ್ಟು ಇದೆ. ಅರ್ಧ ಮತ್ಸ್ಯೇಂದ್ರಾಸನದಲ್ಲಿ ಮೊಣಕೈಯನ್ನು ಮೊಣಕಾಲಿಗೆ ಒತ್ತಿ ಎಳೆದುಕೊಂಡರೆ ಇನ್ನೂ ಸ್ವಲ್ಪ ತಿರುಗುತ್ತೇವೆ, ಖುಷಿಯಾಗುತ್ತದೆ. ಆ ಹೆಚ್ಚಿನ ತಿರುಗು ಬಹುಪಾಲು ನಡುವಿನಿಂದಲೇ ಬಂದಿರುತ್ತದೆ. ಕೈಯ ಸಹಾಯ ಬಿಟ್ಟು, ಬೆನ್ನು ನೆಟ್ಟಗಿಟ್ಟು, ಉಸಿರು ಬಿಡುತ್ತಾ ಎಷ್ಟು ಬರುತ್ತದೋ ಅಷ್ಟು ಮಾಡಿ. ಕಡಿಮೆ ಕಾಣುತ್ತದೆ, ಆದರೆ ಟೀ ಮೇಲೆ (ಮೊದಲ ಹೊಡೆತದ ಜಾಗದಲ್ಲಿ) ನಿಂತಾಗ ಉಪಯೋಗಕ್ಕೆ ಬರುವುದು ಆ ಕಡಿಮೆಯೇ.

ಯೋಗದಿಂದ ವೇಗ ಬರುವುದಿಲ್ಲ. ಹೊಡೆತದ ಉದ್ದ ಬೇಕೆಂದವರು ಬರೀ ಯೋಗಕ್ಕೆ ಅಂಟಿಕೊಂಡರೆ ಆರು ತಿಂಗಳಲ್ಲಿ ಬೇಜಾರಾಗುತ್ತಾರೆ. ಇನ್ನು ಹುಟ್ಟಿನಿಂದಲೇ ಮೈ ಸಡಿಲ ಇರುವವರು, ಹೆಬ್ಬೆರಳು ಬಗ್ಗಿಸಿ ಮುಂಗೈಗೆ ತಾಗಿಸಬಲ್ಲವರು ಇರುತ್ತಾರಲ್ವಾ, ಅವರಿಗೆ ಇನ್ನಷ್ಟು ಸಡಿಲ ಮಾಡುವುದರಿಂದ ಲಾಭ ಇಲ್ಲ. ಅವರ ಜಾಗ ಜಿಮ್.

ಗರಡಿ

ಗಾಲ್ಫ್ ಫಿಟ್‌ನೆಸ್ ಬಗ್ಗೆ ಬರೆಯುವವರು ಇದನ್ನು ಸೇರಿಸುವುದಿಲ್ಲ. ಕುಸ್ತಿಯ ಊರಲ್ಲಿ ಇದ್ದುಕೊಂಡು ನಾವು ಬಿಡುವುದು ಸರಿಯಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದವರಿಗೆ ಪೈಲ್ವಾನರ ಹಿಪ್ ಎಷ್ಟು ಸಲೀಸಾಗಿ ತಿರುಗುತ್ತದೆ ಅನ್ನುವುದು ಗೊತ್ತು.

ನಮಗೆ ಬೇಕಾದ್ದು ಕುಸ್ತಿಯಲ್ಲ, ಸಾಮು, ಅಂದರೆ ಗರಡಿಯ ಕಸರತ್ತು. ಗದೆಯನ್ನು ಗಮನಿಸಿ. ಉದ್ದ ಹಿಡಿಯ ಕೊನೆಯಲ್ಲಿ ಭಾರ. ಭುಜದ ಹಿಂದೆ ಇಳಿಬಿಟ್ಟು, ಬೆನ್ನಿನ ಹಿಂದೆ ಸುತ್ತಿಸಿ, ಇನ್ನೊಂದು ಭುಜದ ಮೇಲಿಂದ ಮುಂದಕ್ಕೆ ತರುತ್ತಾರೆ. ಗದೆ ಹಿಂದೆ ತೂಗುವಾಗ ಭುಜದ ಕೀಲು ಹೊರಕ್ಕೆ ತೆರೆದುಕೊಳ್ಳುತ್ತದೆ. ಬ್ಯಾಕ್‌ಸ್ವಿಂಗ್ ತುದಿಯಲ್ಲಿ ಬಲಗೈ ಇರಬೇಕಾದದ್ದು ಹೆಚ್ಚುಕಡಿಮೆ ಅದೇ ಭಂಗಿಯಲ್ಲಿ. ಜೊತೆಗೆ ಹಿಡಿತ, ಮುಂಗೈ ಗಟ್ಟಿಯಾಗುತ್ತವೆ. ಭಾರ ತುದಿಯಲ್ಲಿ ಇರುವುದರಿಂದ ಕೈಯಿಂದ ಎಳೆದರೆ ಅದು ಮಾತು ಕೇಳುವುದಿಲ್ಲ, ಅದರ ತೂಗಿಗೆ ಕಾಯಬೇಕು. ಆತುರದಿಂದ ಕ್ಲಬ್ ಎಳೆಯುವವರಿಗೆ ಇದು ಒಳ್ಳೆಯ ಮದ್ದು. ಬೈಠಕ್ ಕಾಲಿಗೆ, ದಂಡ ಭುಜಕ್ಕೆ.

ಅಪಾಯವೂ ಅಲ್ಲೇ ಇದೆ. ಮೊದಲೇ ಗಾಲ್ಫ್‌ನಿಂದ ಮೊಣಕೈ ನೋವಿದ್ದರೆ ಗದೆ ಅದನ್ನು ಕೆಣಕುತ್ತದೆ. ಉಸ್ತಾದರು ಹುಡುಗರಿಗೆ ಹೇಳುವ ಲೆಕ್ಕ ನಲವತ್ತೈದರ ಅಂಗಡಿ ಮಾಲೀಕನಿಗೆ ಹೊಂದುವುದಿಲ್ಲ, ನೂರಾರು ಬೈಠಕ್ ಮೊಣಕಾಲಿಗೆ ಭಾರ. ಎರಡು ಕಿಲೋದ ಹಗುರ ಗದೆ, ಎರಡೂ ಬದಿಗೆ ಎಂಟು ಹತ್ತು ಸಲ, ಸಾಕು. ಗರಡಿಯಲ್ಲಿ ಕೇಳುವ ದುಡ್ಡು ಅತಿ ಕಡಿಮೆ. ಅವರು ನೋಡುವುದು ಶಿಸ್ತು. ಬೆಳಗ್ಗೆ ಐದೂವರೆಗೆ ಏಳಲಾಗದವರಿಗೆ ಇದು ನಡೆಯದ ಮಾತು.

ಫಿಸಿಯೊ, ಮತ್ತೆ ಬೆಂಗಳೂರಿನ ತಜ್ಞರು

ನೋವಿದ್ದರೆ ಮೊದಲ ಜಾಗ ಇದೇ, ಉಳಿದದ್ದೆಲ್ಲ ಆಮೇಲೆ. ಮೆಡಿಕಲ್ ಕಾಲೇಜುಗಳ ಊರಾದ್ದರಿಂದ ಒಳ್ಳೆಯ ಫಿಸಿಯೊ ಹುಡುಕುವುದು ಕಷ್ಟ ಅಲ್ಲ. ಗಾಲ್ಫ್ ನೋಡದವರು ಅಂತ ಹಿಂಜರಿಯಬೇಡಿ. "ನನ್ನ ಎಡ ಹಿಪ್ ಒಳಕ್ಕೆ ತಿರುಗಲ್ಲ, ಮೇಲ್ಬೆನ್ನು ಬಲಕ್ಕೆ ಬರಲ್ಲ" ಅಂತ ಮನೆ ಪರೀಕ್ಷೆಯ ಫಲಿತಾಂಶ ಹೇಳಿ, ಫೋನಿನಲ್ಲಿ ನಿಮ್ಮ ಸ್ವಿಂಗ್ ತೋರಿಸಿ. ಅವರಿಗೆ ಅಷ್ಟು ಸಾಕು. ಎರಡು ಮೂರು ಭೇಟಿಯಲ್ಲಿ ನಿಮಗೆ ಬೇಕಾದ ನಾಲ್ಕು ವ್ಯಾಯಾಮ ಸಿಗುತ್ತವೆ. ತಿಂಗಳುಗಟ್ಟಲೆ ಬರೀ ಶಾಖ, ಕರೆಂಟ್ ಕೊಡಿಸಿಕೊಂಡು ಮಲಗುವುದು ಗಾಲ್ಫ್ ಫಿಟ್‌ನೆಸ್ ಅಲ್ಲ. ಕಾಲಿಗೆ ಜೋಮು, ನೋವು ಇಳಿಯುತ್ತಿದ್ದರೆ ಫಿಸಿಯೊಗಿಂತ ಮೊದಲು ಮೂಳೆ ಡಾಕ್ಟರ್.

ಬೆಂಗಳೂರಲ್ಲಿ ಟಿಪಿಐ ತರಬೇತಿ ಪಡೆದವರು ಸಿಗುತ್ತಾರೆ. ಆಡಲು ಹೇಗೂ ಹೋಗುತ್ತೀರಿ, ಒಂದು ಸಲ ಅವರಿಂದ ಪೂರ್ತಿ ಪರೀಕ್ಷೆ ಮಾಡಿಸಿ, ಪಟ್ಟಿ ಬರೆಸಿಕೊಂಡು ಬಂದು ಇಲ್ಲಿನ ಜಿಮ್ಮಿನಲ್ಲಿ ಮಾಡಿ. ಖರ್ಚು ಒಂದೇ ಸಲ, ಫಲ ವರ್ಷಪೂರ್ತಿ. ದುಡ್ಡಿಗೆ ತಕ್ಕ ಬೆಲೆ ಇದರಲ್ಲೇ ಜಾಸ್ತಿ ಅನ್ನುವುದು ನನ್ನ ಲೆಕ್ಕ.

ಆನ್‌ಲೈನ್ ಪ್ರೋಗ್ರಾಂ ಮತ್ತು ಸ್ಪೀಡ್ ಕೋಲುಗಳು

ಆನ್‌ಲೈನ್ ಪ್ರೋಗ್ರಾಂಗಳಲ್ಲಿ ಒಳ್ಳೆಯವು ಇವೆ, ಆದರೆ ಹೆಚ್ಚಿನವಕ್ಕೆ ಡಾಲರ್ ಲೆಕ್ಕದಲ್ಲಿ ಪ್ರತಿ ತಿಂಗಳು ಕಟ್ಟಬೇಕು. ನೀವು ತಪ್ಪು ಮಾಡುತ್ತಿದ್ದರೆ ಫೋನ್ ಹೇಳುವುದಿಲ್ಲ. ಮೊದಲೇ ವ್ಯಾಯಾಮದ ಅಭ್ಯಾಸ ಇರುವವರಿಗೆ ಸರಿ, ಹೊಸಬರಿಗೆ ಬೇಡ.

ಹಗುರ, ಮಧ್ಯಮ, ಭಾರ ಅಂತ ಮೂರು ಕೋಲಿನ ಸೆಟ್ ಬೀಸಿ ವೇಗ ಹೆಚ್ಚಿಸುವ ಪದ್ಧತಿ ಈಗ ಜನಪ್ರಿಯ. ಹಗುರ ಕೋಲನ್ನು ಎಂದಿಗಿಂತ ಜೋರಾಗಿ ಬೀಸಿದಾಗ ಮೈಗೆ ಆ ವೇಗದ ರೂಢಿಯಾಗುತ್ತದೆ ಅನ್ನುವುದು ಇದರ ತತ್ವ. ಫಲ ಕೊಡುತ್ತದೆ. ಆದರೆ ಆಮದಿನ ಸೆಟ್ ಹತ್ತು ಸಾವಿರ ದಾಟುತ್ತದೆ, ಮತ್ತು ತಿರುಗದ ಹಿಪ್ ಇಟ್ಟುಕೊಂಡು ಜೋರಾಗಿ ಬೀಸಿದರೆ ಹೆಚ್ಚಾಗುವುದು ನಡುನೋವು. ಕುತೂಹಲ ಇದ್ದವರು ಡ್ರೈವರನ್ನು ತಲೆಕೆಳಗು ಹಿಡಿದು, ಅಂದರೆ ಕ್ಲಬ್ಬಿನ ತಲೆಯ ಹತ್ತಿರ ಶಾಫ್ಟ್ (ಉದ್ದದ ಕಡ್ಡಿ) ಹಿಡಿದು, ಬೀಸಿ. ಸುಯ್ ಅನ್ನುವ ಸದ್ದು ಚೆಂಡು ಇರಬೇಕಾದ ಜಾಗದಲ್ಲಿ ಬರಬೇಕು, ಅದಕ್ಕಿಂತ ಮುಂಚೆ ಅಲ್ಲ. ಪುಕ್ಕಟೆ.

ಕುಂದವಾಡ ಕೆರೆ ಸುತ್ತುವುದು, ದುರ್ಗದವರಾದರೆ ಕೋಟೆ ಹತ್ತಿ ಇಳಿಯುವುದು, ಎರಡೂ ಒಳ್ಳೆಯವು. 18 ಹೋಲ್ ನಡೆದರೆ ಸುಮಾರು 8 ಕಿಲೋಮೀಟರ್ ಆಗುತ್ತದೆ. ಹದಿನಾಲ್ಕನೇ ಹೋಲಿಗೆ ಕಾಲು ಸೋತರೆ ಸ್ವಿಂಗೂ ಸೋಲುತ್ತದೆ. ಆದರೆ ನಡಿಗೆಯಿಂದ ಹಿಪ್ ತಿರುಗುವುದಿಲ್ಲ. ಈಜೂ ಅಷ್ಟೇ, ಜೊತೆಗಿರಲಿ.

ಹಾಗಾದರೆ ಯಾರಿಗೆ ಯಾವುದು

ಮೂವತ್ತರ ಆಸುಪಾಸು, ನೋವಿಲ್ಲ, ಹೊಡೆತ ಉದ್ದ ಆಗಬೇಕು: ವಾರಕ್ಕೆ ಎರಡು ದಿನ ಜಿಮ್. ಕೊನೆಯಲ್ಲಿ ಮೂರು ಕಿಲೋ ಮೆಡಿಸಿನ್ ಬಾಲನ್ನು ಗೋಡೆಗೆ ಪಕ್ಕದಿಂದ ಎಸೆಯುವುದು, ಪ್ರತಿ ಬದಿಗೆ ಐದಾರು ಸಲ, ಪೂರ್ತಿ ಜೋರಿನಲ್ಲಿ. ವೇಗ ಕಲಿಯುವುದು ಸುಸ್ತಾಗಿ ಅಲ್ಲ, ನಡುನಡುವೆ ವಿಶ್ರಾಂತಿ ಕೊಟ್ಟು. ಟೈಲ್ಸ್ ಪರೀಕ್ಷೆಯಲ್ಲಿ ಸೋತಿದ್ದರೆ ಇದರ ಜೊತೆ ದಿನಾ ಹತ್ತು ನಿಮಿಷ ಯೋಗ.

ಐವತ್ತು ದಾಟಿದೆ, ಅಂಗಡಿಯಲ್ಲೋ ಕ್ಲಿನಿಕ್‌ನಲ್ಲೋ ಕೂತೇ ಕೆಲಸ, ಆಡಿದ ಮರುದಿನ ನಡು ಹಿಡಿಯುತ್ತದೆ: ಮೊದಲು ಫಿಸಿಯೊ, ಆಮೇಲೆ ಯೋಗ, ಎರಡು ತಿಂಗಳ ನಂತರ ಹಗುರ ತೂಕ. ಯೋಗದಲ್ಲೇ ನಿಲ್ಲಬೇಡಿ. ವಯಸ್ಸಾದಂತೆ ಬಲವೂ ಕೈಬಿಡುತ್ತದೆ. ಮತ್ತೆ ದೂರದ ಹುಚ್ಚನ್ನು ಸ್ವಲ್ಪ ಬಿಡಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನ ಪಡೆದದ್ದು ಉದ್ದನೆಯ ಹೊಡೆತದಿಂದ ಅಲ್ಲ, ಪಟಿಂಗ್‌ನಿಂದ (ಗುಂಡಿಯ ಹತ್ತಿರದ ಮೆಲು ಹೊಡೆತ).

ಹತ್ತು ಹನ್ನೆರಡರ ಮಕ್ಕಳಿಗೆ ಮೇಲಿನ ಯಾವುದೂ ಬೇಡ. ಖೋಖೋ, ಬ್ಯಾಡ್ಮಿಂಟನ್, ಈಜು, ಮರ ಹತ್ತುವುದು. ಒಂದೇ ಬದಿಗೆ ತಿರುಗುವ ಆಟವನ್ನು ವರ್ಷವಿಡೀ ಆಡಿಸುವ ಮೊದಲು ಎಲ್ಲ ಬದಿಗೂ ಓಡಾಡಲಿ.

ಕೈಯಲ್ಲಿ ಸಾವಿರ ರೂಪಾಯಿ ಮಾತ್ರ ಇದ್ದರೆ ರಬ್ಬರ್ ಬ್ಯಾಂಡ್ ಒಂದು ತಗೊಂಡು ಕಿಟಕಿ ಸರಳಿಗೆ ಕಟ್ಟಿ ಪ್ಯಾಲೊಫ್ ಪ್ರೆಸ್ ಮತ್ತು ರೋ ಮಾಡಿ, ಪಾರ್ಕಿನ ಯೋಗಕ್ಕೆ ಹೋಗಿ. ಅಕ್ಕಪಕ್ಕ ಗರಡಿ ಇದ್ದು ಮೊಣಕೈ ಚೆನ್ನಾಗಿದ್ದರೆ ಅದು ಇನ್ನೂ ಉತ್ತಮ. ದುಡ್ಡಿನ ಚಿಂತೆ ಇಲ್ಲದವರು ಹೊಸ ಡ್ರೈವರ್‌ಗೆ ಹಾಕುವುದನ್ನು ಈ ವರ್ಷ ಬೆಂಗಳೂರಿನ ಪರೀಕ್ಷೆಗೆ ಹಾಕಿ.

ಯಾವುದನ್ನೇ ಆರಿಸಿ, ಎಂಟು ವಾರ ಬದಲಾಯಿಸಬೇಡಿ, ಬಲ ಬರಲು ಅಷ್ಟಾದರೂ ಬೇಕು. ಆಡಲು ಹೊರಡುವ ಎರಡು ದಿನ ಮುಂಚೆ ಭಾರ ಎತ್ತುವುದು ನಿಲ್ಲಿಸಿ. ಬೆಂಗಳೂರು ಇಲ್ಲಿಂದ ಸುಮಾರು 260 ಕಿಲೋಮೀಟರ್. ನಾಲ್ಕೈದು ಗಂಟೆ ಕಾರಿನಲ್ಲಿ ಮುದುಡಿ ಕೂತು ನೇರ ಮೊದಲ ಟೀಗೆ ನಿಂತರೆ ತಿಂಗಳ ವ್ಯಾಯಾಮವೆಲ್ಲ ಸೀಟಿನಲ್ಲೇ ಉಳಿದಿರುತ್ತದೆ. ಹಿರಿಯೂರಲ್ಲೋ ಶಿರಾದಲ್ಲೋ ಕಾಫಿಗೆ ನಿಲ್ಲಿಸಿದಾಗ ಕಾರಿಗೆ ಕೈಯೂರಿ ಕಾಲು ಹಿಂದೆ ಮುಂದೆ ಹತ್ತು ಸಲ ಬೀಸಿ, ಒಂದು ಕಾಲು ಹಿಂದಿಟ್ಟು ತೊಡೆಯ ಮುಂಭಾಗ ಎಳೆಯಿರಿ. ಹೋಟೆಲ್‌ನವರು ವಿಚಿತ್ರವಾಗಿ ನೋಡಿದರೆ ನೋಡಲಿ.